ತುಂಗಾ ಬದುಕಿ ಬಂದ ಮಂಗಳವಾರ

ಮೈಲಾರಿ ನಮ್ಮ ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ. ಹುಬ್ಬಳ್ಳಿಯ ಒಂದು ಓಣಿಯೊಳಗೆ ನಮ್ಮ ಕಚೇರಿ. ಕೆಳಗೆ ಅಚ್ಚಿನ ಯಂತ್ರ, ಮೇಲೆ ನಾವು. ನಾನು ಉಪಸಂಪಾದಕ. ಕಥೆ, ಕಾದಂಬರಿಯ ಕಂತು, ವಾರಭವಿಷ್ಯ, ಅಡುಗೆಯ ಪುಟ, ಯಾರಿಗೂ ಬೇಡವಾದದ್ದೆಲ್ಲ ನನ್ನ ಮೇಜಿಗೆ ಬರುತ್ತಿತ್ತು. ಅವನು ದಿನಾಲು ಅಮ್ಮಿನಬಾವಿಯಿಂದ ಧಾರವಾಡಕ್ಕೆ ಒಂದು ಬಸ್ಸು, ಧಾರವಾಡದಿಂದ ಹುಬ್ಬಳ್ಳಿಗೆ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದ. ಬಸ್ಸಿನಲ್ಲಿ ಪತ್ತೇದಾರಿ ಕಾದಂಬರಿ ಓದುವುದೊಂದೇ ಅವನಿಗಿದ್ದ ಚಟ. ಚಹಾ ಕುಡಿಯುವಾಗಲೂ ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಒಂದು ಮಾತು ಆಡಿದರೆ ಆಡಿದ, ಇಲ್ಲದಿದ್ದರೆ ಇಲ್ಲ. ಅವನ ಅಕ್ಕ ಸತ್ತಿದ್ದಾಳೆ ಎಂಬುದು ನನಗೆ ಗೊತ್ತಾದದ್ದೇ ಅವನ ಕಾದಂಬರಿ ಓದಿದ ಮೇಲೆ.

ಅಕ್ಕನ ಹೆಸರು ಕಾವೇರಿ. ಅಪ್ಪ ಬೇಗ ಹೋಗಿದ್ದ. ಅವ್ವ ರುಕ್ಮವ್ವ ಹೊಲಕ್ಕೆ ಹೋದರೆ ತಮ್ಮನನ್ನು ನೋಡಿಕೊಂಡವಳು ಕಾವೇರಿಯೇ. ಮಳೆಗಾಲದಲ್ಲಿ ಎರೆಮಣ್ಣು ಮೊಣಕಾಲತನಕ ಹಿಡಿಯುವ ಊರು ಅದು. ಸಾಲೆಗೆ ಹೋಗುವಾಗ ಅವನನ್ನು ಬೆನ್ನ ಮೇಲೆ ಹೊತ್ತು ಬಾಗಿಲಲ್ಲಿ ಇಳಿಸಿ ತಾನು ಹೊರಗೇ ಉಳಿಯುತ್ತಿದ್ದಳಂತೆ. ಹದಿನೆಂಟಾದಾಗ ರುಕ್ಮವ್ವ ಅವಳನ್ನು ತನ್ನ ಸ್ವಂತ ತಮ್ಮ ಭರಮಪ್ಪನಿಗೇ ಕೊಟ್ಟಳು. ಭರಮಪ್ಪನ ಮನೆ ಹಿಂದಿನ ಓಣಿಯಲ್ಲೇ. "ಪರಊರಿಗೆ ಕೊಟ್ಟು ಯಾಕ ಕಣ್ಣೀರ ಹಾಕ್ಲಿ? ಕಣ್ಮುಂದ ಇರ್ತಾಳ," ಎಂದಿದ್ದಳು.

ಕಣ್ಮುಂದೆಯೇ ಇದ್ದಳು. ಎಂಟು ವರ್ಷ ಮಕ್ಕಳಾಗಲಿಲ್ಲ. ಭರಮಪ್ಪನ ಕೈ ಮುಂದಾಯಿತು. ಕಾವೇರಿ ಆಗಾಗ ತವರಿಗೆ ಬಂದು ಒಲೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದಳು. ಸಂಜೆಯಾದರೆ ರುಕ್ಮವ್ವ ಎಬ್ಬಿಸಿ ಕಳಿಸುತ್ತಿದ್ದಳು. "ಅಂವ ನಾ ಎತ್ತಿ ಆಡ್ಸಿದಂವ. ಸಿಟ್ಟಷ್ಟ ಐತಿ, ಮನಸ್ಸು ಕೆಟ್ಟದ್ದಲ್ಲ. ಹೋಗು ನನ್ನವ್ವಾ, ದೀಪ ಹಚ್ಚೂ ಹೊತ್ತಿನ್ಯಾಗ ಮನ್ಯಾಗ ಇರ್ಬೇಕು."

೧೯೮೮ರ ಯುಗಾದಿ ಕಳೆದ ಮೇಲೆ ಒಂದು ಸಂಜೆಯೂ ರುಕ್ಮವ್ವ ಹೀಗೆಯೇ ಎಬ್ಬಿಸಿ ಕಳಿಸಿದಳು. ಮರುದಿನ ಕಾವೇರಿ ಊರ ಹೊರಗಿನ ಹಿರೇಬಾವಿಗೆ ಅರಿವೆ ಒಗೆಯಲು ಹೋದವಳು ತಿರುಗಿ ಬರಲಿಲ್ಲ. ಮಧ್ಯಾಹ್ನ ಅವಳ ಹೆಣ ತೆಗೆದರು. ಒಗೆದ ಅರಿವೆಗಳೆಲ್ಲ ಹಿಂಡಿ, ಗಂಟು ಕಟ್ಟಿ, ಮೇಲಿನ ಮೆಟ್ಟಿಲ ಮೇಲೆ ಇಟ್ಟಿದ್ದವು. ಪೊಲೀಸರು ಬಂದು ಕಾಲು ಜಾರಿ ಬಿದ್ದದ್ದು ಎಂದು ಬರೆದುಕೊಂಡರು. ರುಕ್ಮವ್ವ ಗಂಟು ತೋರಿಸಿ ಕೇಳಿದಳು:

"ಸಾಹೇಬ್ರ, ಕೆಲಸಾ ಮುಗಿಸಿ ಗಂಟು ಕಟ್ಟಿ ಮನಿಗೆ ಹೊಂಟಾಕಿ ಮತ್ಯಾಕ ನೀರಾಗ ಇಳೀತಾಳ್ರಿ?"

"ಕೈಕಾಲು ತೊಳಕೊಳ್ಳಾಕ ಇಳದಿರ್ಬೇಕು, ಯವ್ವಾ," ಎಂದ ಸಾಹೇಬ.

ಅವತ್ತಿನಿಂದ ರುಕ್ಮವ್ವ ತಮ್ಮನ ಓಣಿಯಲ್ಲಿ ಕಾಲಿಡಲಿಲ್ಲ, ಅವನ ಮುಖ ನೋಡಲಿಲ್ಲ. ಆದರೆ ಹೀಗೆಯೇ ಆಯಿತು ಎಂದು ಬಾಯಿಬಿಟ್ಟು ಹೇಳಲೂ ಆಗಲಿಲ್ಲ. ಕಂಡವರು ಯಾರೂ ಇರಲಿಲ್ಲ.

ಐದು ವರ್ಷ ಬಿಟ್ಟು, ೧೯೯೩ರಲ್ಲಿ, ಮೈಲಾರಿ ಒಂದು ಹಾಳೆಗಳ ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟ. "ಬಾಳೂ ಸರ್ರ, ಓದಿ ನೋಡ್ರಿ. ಛಲೋ ಇಲ್ಲಂದ್ರ ಹರದು ಒಗೀರಿ," ಅಂದು ನಾನು ಬಾಯಿ ತೆರೆಯುವ ಮೊದಲೇ ಕೆಳಗಿಳಿದು ಹೋದ.

ಕಾದಂಬರಿಯ ಹೆಸರು 'ಬಾವಿಕಟ್ಟೆಯ ಗಂಟು'. ಅದರಲ್ಲಿ ಸತ್ತವಳ ಹೆಸರು ತುಂಗಾ. ಊರಿಗೆ ಇನ್ಸ್‌ಪೆಕ್ಟರ್ ನಾಡಗೌಡ ಎಂಬುವನು ಬರುತ್ತಾನೆ. ಬರೆದುಕೊಂಡು ಹೋಗುವುದಿಲ್ಲ, ಬಾವಿಯ ಮೆಟ್ಟಿಲ ಮೇಲೆ ಕೂಡುತ್ತಾನೆ. ಗಂಟು ಬಿಚ್ಚಿಸುತ್ತಾನೆ. ಅದರೊಳಗೆ ಒಂದು ದೊಡ್ಡ ಕೌದಿ ಇರುತ್ತದೆ, ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹೊಲಿದ ನಮ್ಮ ಕಡೆಯ ಹೊದಿಕೆ. ನೀರು ಕುಡಿದ ಕೌದಿಯನ್ನು ಒಬ್ಬಳೇ ಹೆಂಗಸು ಹಿಂಡಲಾರಳು, ಆ ತುದಿಗೊಬ್ಬರು ಈ ತುದಿಗೊಬ್ಬರು ಬೇಕು. ಈ ಕೌದಿ ಚೆನ್ನಾಗಿ ಹಿಂಡಿದೆ. ಹಾಗಾದರೆ ಆ ತುದಿ ಹಿಡಿದವರು ಯಾರು? ಬಾವಿಯ ಕಡೆ ಹೋಗಿಯೇ ಇಲ್ಲ ಎಂದ ಗಂಡನ ಕೈಗೆ ನಾಡಗೌಡ ಕೌದಿಯ ತುದಿ ಕೊಡುತ್ತಾನೆ. ಅದನ್ನು ಹಿಡಿದು ನಿಲ್ಲಲಾರದೆ ಗಂಡ ಒಪ್ಪಿಕೊಳ್ಳುತ್ತಾನೆ. ಕೈಗೆ ಕೋಳ ಬೀಳುತ್ತದೆ.

ನಾನು ಕೂತಲ್ಲೇ ಓದಿ ಮುಗಿಸಿದೆ. ಸಂಜೆ ಅವನನ್ನು ಕರೆದು, "ಈ ಕೌದಿ ಎಲ್ಲಿಂದ ಸಿಕ್ಕತೋ ನಿನಗ? ಭಾಳ ಛಲೋ ಅದ," ಎಂದೆ.

ಅವನು ಅಕ್ಕನ ಕಥೆ ಹೇಳಿದ್ದು ಆಗ. ಕೊನೆಗೆ, "ಖರೇ ಗಂಟಿನ್ಯಾಗ ಕೌದಿ ಇರ್ಲಿಲ್ರಿ ಸರ್ರ. ಎರಡು ಸೀರಿ, ಒಂದು ಧೋತರ, ಅಂಗಿ. ಕೌದಿ ನಾ ಹಾಕಿದೆ," ಎಂದ.

ಕಾದಂಬರಿ ವಾರ ವಾರ ಬಂತು. ಪ್ರತಿ ಗುರುವಾರ ಮೈಲಾರಿ ಪತ್ರಿಕೆಯ ಹಸಿ ಪ್ರತಿ ಒಯ್ದು ಅವ್ವನ ಮುಂದೆ ಕುಳಿತು ಓದುತ್ತಿದ್ದ. ರುಕ್ಮವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕಥೆಯಲ್ಲಿ ತುಂಗಾ ಅಂತ ಬಂದಲ್ಲಿ ಅವಳು ಒಮ್ಮೆಯೂ ಇವಳು ಯಾರು ಅಂತ ಕೇಳಲಿಲ್ಲ. ಗಂಡ ಒಪ್ಪಿಕೊಳ್ಳುವ ಕಂತು ಓದಿದ ದಿನ "ಇನ್ನೊಮ್ಮಿ ಓದು" ಎಂದಳು. ಓದಿದ. ಮತ್ತೆ "ಇನ್ನೊಮ್ಮಿ" ಎಂದಳು. ಮರುದಿನ ಮೈಲಾರಿ ಕಚೇರಿಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಅಕ್ಕ ಹೋದ ಮ್ಯಾಲೆ ಅವ್ವ ನಿನ್ನೆ ರಾತ್ರಿ ಮೊದಲ ಸಲ ನಿದ್ದಿ ಮಾಡಿದ್ಲು ಸರ್ರ, ಹೊತ್ತೇರೂ ತನಕ."

ಊರಿನಲ್ಲಿ ಕ್ಷೌರದ ಅಂಗಡಿಯಲ್ಲಿ, ಹೋಟೆಲಿನಲ್ಲಿ ಒಬ್ಬರು ಓದಿದರೆ ಹತ್ತು ಮಂದಿ ಕೇಳುತ್ತಿದ್ದರು. ಹೆಸರು ಬೇರೆಯಾದರೇನು, ಬಾವಿ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು. ಕೌದಿಯ ಸುದ್ದಿ ಎಷ್ಟು ಹಬ್ಬಿತೆಂದರೆ ಅವತ್ತು ಹೆಣ ತೆಗೆದವರೇ "ಹೌದು, ಗಂಟಿನ್ಯಾಗ ಕೌದಿ ಇತ್ತು, ನಾ ಕಣ್ಣಾರೆ ಕಂಡೇನಿ" ಎನ್ನಲು ಶುರುಮಾಡಿದರು. ರುಕ್ಮವ್ವನೂ ಒಂದು ದಿನ "ಆ ಕೌದಿ ನಾನ ಹೊಲದು ಕೊಟ್ಟಿದ್ದೆ" ಎಂದಳಂತೆ. ಮೈಲಾರಿ ತಿದ್ದಲಿಲ್ಲ.

ಭರಮಪ್ಪನನ್ನು ಯಾರೂ ಹಿಡಿಯಲಿಲ್ಲ, ಹೊಡೆಯಲಿಲ್ಲ. ಮದುವೆ ಮುಂಜಿಗೆ ಕರೆಯುವುದು ಬಿಟ್ಟರು, ಅಷ್ಟೆ. ಎರಡನೆಯ ಮದುವೆಗೆ ಅವನು ಎಷ್ಟು ಊರು ತಿರುಗಿದರೂ ಯಾರೂ ಹೆಣ್ಣು ಕೊಡಲಿಲ್ಲ. ಒಮ್ಮೆ ಅವನು ಬಸ್ ನಿಲ್ದಾಣದಲ್ಲಿ ಮೈಲಾರಿಯನ್ನು ಅಡ್ಡಗಟ್ಟಿ, "ಆ ಕೌದಿ ಎಲ್ಲೈತೋ ಅಳಿಯಾ? ತಂದು ತೋರ್ಸು ನನಗ," ಎಂದು ಕೇಳಿದ್ದ. ಮೈಲಾರಿ ಅವನನ್ನು ಸರಿಸಿ ಬಸ್ಸು ಹತ್ತಿದ್ದ.

ಹೀಗೆ ಆರು ವರ್ಷ ಹೋಯಿತು. ಮೈಲಾರಿ ಇನ್ನೂ ಎರಡು ಮೂರು ಕಾದಂಬರಿ ಬರೆದ. ಓದುವ ಹಾಗಿದ್ದವು, ಆದರೆ ಮೊದಲಿನದರ ಜೀವ ಅವಕ್ಕಿರಲಿಲ್ಲ. 'ಬಾವಿಕಟ್ಟೆಯ ಗಂಟು' ಅಗ್ಗದ ಪುಸ್ತಕವಾಗಿ ಬಸ್ ನಿಲ್ದಾಣಗಳಲ್ಲಿ ಮಾರಾಟವಾಗುತ್ತಿತ್ತು. ಬೆಂಗಳೂರಿನ ಒಬ್ಬ ಟಿ.ವಿ. ನಿರ್ದೇಶಕ ಅದನ್ನು ಎಲ್ಲಿಯೋ ಪ್ರಯಾಣದಲ್ಲಿ ಕೊಂಡು ಓದಿ, ಹುಡುಕಿಕೊಂಡು ನಮ್ಮ ಕಚೇರಿಗೆ ಬಂದ. ಹಸನ್ಮುಖಿ ಮನುಷ್ಯ. "ತುಂಬಾ ಚೆನ್ನಾಗಿದೆ ಸಾರ್. ಓದ್ತಾ ಓದ್ತಾ ನನ್ನ ಸ್ಟಾಪೇ ಬಿಟ್ಟು ಮುಂದೆ ಹೋಗ್ಬಿಟ್ಟೆ," ಎಂದ.

ಮೈಲಾರಿ ಒಂದೇ ಕೇಳಿದ: "ತುಂಗಾನ ಸಾವಿನ ಸುದ್ದಿ ಮಾತ್ರ ಬದಲಿ ಮಾಡಬ್ಯಾಡ್ರಿ."

"ಕಥೆಯ ಆತ್ಮ ಮುಟ್ಟೋದಿಲ್ಲ ಸಾರ್. ಮೇಲಿನ ಬಟ್ಟೆ ಸ್ವಲ್ಪ ಬದಲಾಗುತ್ತೆ, ಅಷ್ಟೆ."

ಮೈಲಾರಿ ಸಹಿ ಹಾಕಿದ. ತುಂಗಾ ಯಾರೆಂದು ಮಾತ್ರ ಹೇಳಲಿಲ್ಲ. ಬಂದ ಹಣದಲ್ಲಿ ಅವ್ವನಿಗಾಗಿ ಒಂದು ಕಲರ್ ಟಿ.ವಿ. ತಂದ. ಓದಲು ಬರದ ಅವ್ವ ಇನ್ನು ತಾನೇ ನೋಡಬಹುದು. ನಾಡಗೌಡ ಬರುವುದನ್ನು, ಗಂಟು ಬಿಚ್ಚುವುದನ್ನು, ಕೋಳ ಬೀಳುವುದನ್ನು ಕಣ್ಣಿಂದ ನೋಡಬಹುದು. ಅವನು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಧಾರಾವಾಹಿ ಪ್ರತಿ ಮಂಗಳವಾರ ಸಂಜೆ ಬರುತ್ತಿತ್ತು. ಹೆಸರು 'ಅವಳು ಎಲ್ಲಿ?' ಎಂದು ಬದಲಾಗಿತ್ತು. ಮೊದಲ ಕಂತಿಗೆ ನನ್ನನ್ನೂ ಕರೆದಿದ್ದ. ರುಕ್ಮವ್ವ ಟಿ.ವಿ.ಗೆ ವಿಭೂತಿ, ಕುಂಕುಮ ಹಚ್ಚಿದ್ದಳು. ಪಡಸಾಲೆ ತುಂಬ ಮಂದಿ. ನೆರೆಮನೆಯ ಕಾಳವ್ವ ಎಲ್ಲರಿಗಿಂತ ಮುಂದೆ ಕುಳಿತಿದ್ದಳು.

ಕಥೆ ಬೆಂಗಳೂರಿನ ಒಂದು ಬಂಗಲೆಯಲ್ಲಿ ಶುರುವಾಯಿತು. ಬಾವಿ ಇರಲಿಲ್ಲ. ಬಂಗಲೆಯ ಹಿಂದೆ ನೀಲಿ ನೀರಿನ ಈಜುಕೊಳವಿತ್ತು. ತುಂಗಾ ಕಾರಿನಿಂದ ಇಳಿದಳು. ತುಟಿಗೆ ಬಣ್ಣ, ತೋಳಿಲ್ಲದ ಕುಪ್ಪಸ.

"ಇಕಿ ಯಾರೋ?" ಎಂದಳು ರುಕ್ಮವ್ವ.

"ಇಕಿನ ತುಂಗಾ ಅವ್ವಾ."

ರುಕ್ಮವ್ವ ಬಹಳ ಹೊತ್ತು ನೋಡಿದಳು. ಆ ನಟಿ ಮಾತಾಡುವಾಗ ಹಣೆಯ ಮೇಲಿನ ಕೂದಲನ್ನು ಕಿವಿಯ ಹಿಂದೆ ಸರಿಸುತ್ತಿದ್ದಳು. "ಹಿಂಗ ಮಾಡ್ತಿದ್ಲು," ಎಂದಳು ರುಕ್ಮವ್ವ ಮೆಲ್ಲಗೆ. "ಕಾವೇರಿನೂ ರೊಟ್ಟಿ ಬಡಿಯೂವಾಗ ಹಿಟ್ಟಿನ ಕೈಲೆ ಹಿಂಗ ಕೂದಲಾ ಸರಿಸ್ತಿದ್ಲು." ಅಲ್ಲಿಂದ ಮುಂದೆ ಅವಳಿಗೆ ಬಂಗಲೆ, ಕಾರು ಯಾವುದೂ ಅಡ್ಡಬರಲಿಲ್ಲ. ಆ ಹುಡುಗಿ ತೆರೆಯ ಮೇಲೆ ಬಂದರೆ ಸಾಕು, ಮುಂದಕ್ಕೆ ಸರಿದು ಕೂಡುತ್ತಿದ್ದಳು.

ನಮ್ಮ ಕಡೆಯ ಮಾತು ಆಡುವವನು ಆ ಧಾರಾವಾಹಿಯಲ್ಲಿ ಒಬ್ಬನೇ ಇದ್ದ. ಬಂಗಲೆಯ ತೋಟದ ಆಳು. ಅವನು "ಹೌದ್ರಿ ಯಪ್ಪಾ" ಎಂದಾಗಲೆಲ್ಲ ಹಿಂದಿನಿಂದ ನಗೆಯ ಸದ್ದು ಹಾಕಿದ್ದರು. ಪಡಸಾಲೆಯಲ್ಲಿದ್ದವರೂ ನಕ್ಕರು. ಇನ್ಸ್‌ಪೆಕ್ಟರಿಗೆ ಒಬ್ಬ ಪ್ರೇಯಸಿ, ಒಬ್ಬ ಹೊಟ್ಟೆಯ ಪೇದೆ ಬಂದು ಸೇರಿದರು. ಅರಿವೆಯ ಗಂಟು ಇರಲಿಲ್ಲ. ಕೌದಿ ಇರಲಿಲ್ಲ. ಕೊಳದ ದಂಡೆಯ ಮೇಲೆ ಒಂದು ಟವೆಲ್ ಬಿದ್ದಿತ್ತು. ಹೆಣವೂ ಸಿಕ್ಕಿರಲಿಲ್ಲ, ಗಂಡ ಕಾರಿನಲ್ಲಿ ಒಯ್ದು ಎಲ್ಲಿಯೋ ಎಸೆದ ಎಂದು ಮಾಡಿದ್ದರು. ಮೈಲಾರಿ ಒಂದೊಂದು ಮಂಗಳವಾರ ಕಳೆದಂತೆ ಸಣ್ಣಗಾಗುತ್ತಿದ್ದ. ಆದರೂ, "ಇರ್ಲಿ ಬಿಡ್ರಿ ಸರ್ರ. ಕಡೀಕ ಗಂಡ ಸಿಕ್ಕರ ಸಾಕು. ಅವ್ವ ಅದಕ್ಕ ಕಾಯಾಕತ್ತಾಳ," ಎನ್ನುತ್ತಿದ್ದ.

ಗಂಡ ಸಿಕ್ಕ. ಕೋಳವೂ ಬಿತ್ತು. ಅವತ್ತು ರುಕ್ಮವ್ವ ಕೈ ಮುಗಿದಳಂತೆ. ಆದರೆ ಧಾರಾವಾಹಿ ಮುಗಿಯಲಿಲ್ಲ.

ಮುಂದಿನ ಮಂಗಳವಾರ ನಾನು ಅಲ್ಲಿರಲಿಲ್ಲ. ಮೈಲಾರಿ ಹೇಳಿದ್ದನ್ನೇ ಹೇಳುತ್ತೇನೆ. ಗಂಡ ಜೈಲಿನಲ್ಲಿ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದ. ಆಮೇಲೆ ಸಮುದ್ರದ ದಂಡೆಯ ಒಂದು ಹೋಟೆಲು ತೋರಿಸಿದರು. ಒಬ್ಬ ಹೆಂಗಸು ಬೆನ್ನು ತಿರುಗಿಸಿ ನಿಂತಿದ್ದಳು. ತಿರುಗಿ, ಕಪ್ಪು ಕನ್ನಡಕ ತೆಗೆದಳು. ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

ಪಡಸಾಲೆಯಲ್ಲಿ ಹುಯ್ಯಲೆದ್ದಿತು. ಹುಡುಗರು ಸಿಳ್ಳೆ ಹಾಕಿದರು. ರುಕ್ಮವ್ವ ಎದ್ದು ನಿಂತುಬಿಟ್ಟಿದ್ದಳು. "ಬಂದ್ಲು," ಎಂದಳು. "ನನ್ನವ್ವ ಬಂದ್ಲು." ಮುಖದ ತುಂಬ ನಗೆ. ಮೈಲಾರಿ ಅವಳ ಕೈ ಹಿಡಿದು ಕೂರಿಸಬೇಕಾಯಿತು. ಕೂತ ಮೇಲೆ ಅವಳಿಗೆ ಎಚ್ಚರವಾಯಿತು. ಸುತ್ತಲಿನವರನ್ನು ನೋಡಿದಳು, ಸೆರಗು ಬಾಯಿಗೆ ಹಚ್ಚಿಕೊಂಡಳು.

ಆಮೇಲಿನ ವಾರಗಳಲ್ಲಿ ಉಳಿದದ್ದು ಗೊತ್ತಾಯಿತು. ತುಂಗಾ ಸತ್ತಿರಲೇ ಇಲ್ಲ. ಅವಳಿಗೊಬ್ಬ ಪ್ರಿಯಕರ. ಗಂಡನನ್ನು ಗಲ್ಲಿಗೇರಿಸಿ ಆಸ್ತಿ ಹೊಡೆಯಲು ಇಬ್ಬರೂ ಕೂಡಿ ಹೂಡಿದ ಆಟ ಅದು. ಗಂಡ ದೇವರಂಥವನು. ಕಡೆಯ ಕಂತಿನಲ್ಲಿ ಅವನು ಜೈಲಿನಿಂದ ಹೊರಬಂದ, ಕೋಳ ತುಂಗಾಳ ಕೈಗೆ ಬಿತ್ತು.

ಪುಸ್ತಕ ಓದಿದವರು ಅಮ್ಮಿನಬಾವಿಯಲ್ಲಿ ಎಷ್ಟು ಮಂದಿ ಇದ್ದಾರು? ಟಿ.ವಿ. ನೋಡದವರು ಯಾರೂ ಇರಲಿಲ್ಲ. ಕೆಟ್ಟ ಮನಸ್ಸಿನಿಂದ ಆಡಿದರೆಂದು ನಾನು ಹೇಳಲಾರೆ, ಆದರೆ ಮಾತು ಹೊರಳಿತು. ಕಾಳವ್ವನೇ ಒಂದು ದಿನ ರುಕ್ಮವ್ವನ ಕಟ್ಟೆಯ ಮೇಲೆ ಕುಳಿತು, "ಅಲ್ಲಾ ಯಕ್ಕಾ, ಅವತ್ತ ಅರಿವಿ ಹಿಂಡಿ ಗಂಟು ಕಟ್ಟಿ ಕುಂತಿದ್ಲಲ್ಲಾ ಕಾವೇರಿ, ಯಾರರ ಬರೂ ದಾರಿ ಕಾಯಾಕತ್ತಿದ್ಲೇನ?" ಎಂದು ಕೇಳಿದಳು. ಇಷ್ಟು ವರ್ಷ ಮಗಳ ಪರವಾಗಿ ರುಕ್ಮವ್ವನ ಕೈಯಲ್ಲಿದ್ದದ್ದು ಆ ಒಂದು ಗಂಟು. ಅದೂ ತಿರುಗಿ ನಿಂತಿತು.

ರುಕ್ಮವ್ವ ಎದ್ದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಧಾರಾವಾಹಿ ಇನ್ನೂ ಮುಗಿಯುವ ಮೊದಲೇ, ತುಂಗಾ ಬದುಕಿ ಬಂದ ಆ ವಾರದಲ್ಲೇ, ಮೈಲಾರಿ ಬೆಂಗಳೂರಿಗೆ ಹೋಗಿದ್ದ. ಮುಂದಿನದನ್ನು ನಿಲ್ಲಿಸಬಹುದೇನೋ ಎಂಬ ಆಸೆ. ನಾನೂ ಜೊತೆಗಿದ್ದೆ. ಬಂಗಲೆಯ ಸೆಟ್ ಹಾಕಿದ್ದ ಒಂದು ದೊಡ್ಡ ಶೆಡ್ಡಿನಲ್ಲಿ ನಿರ್ದೇಶಕ ಸಿಕ್ಕ. ನಮ್ಮನ್ನು ಕೂರಿಸಿ ಚಹಾ ತರಿಸಿದ.

"ಸಾರ್, ನನ್ನ ಕಷ್ಟಾನೂ ಕೇಳಿ. ನಿಮ್ಮ ಕಾದಂಬರೀಲಿ ಗಂಡನೇ ಅಂತ ಶುರುವಿನಲ್ಲೇ ಗೊತ್ತಾಗುತ್ತೆ. ಹೆಂಗೆ ಸಿಕ್ತಾನೆ ಅಂತ ಓದ್ತೀವಿ. ಪುಸ್ತಕದಲ್ಲಿ ಅದು ನಡೆಯುತ್ತೆ. ಟಿ.ವಿ.ಲಿ ವಾರ ವಾರ ಕಾಯಿಸಬೇಕು. ಮತ್ತೆ ಆ ಹುಡುಗಿ ನೋಡಿ, ಅವಳ ಮುಖಕ್ಕೋಸ್ಕರ ಜನ ನೋಡ್ತಿರೋದು. ಎರಡನೇ ವಾರಕ್ಕೇ ಸಾಯಿಸಿ ಬರೀ ಫೋಟೋ ತೋರಿಸಿದ್ರೆ ಯಾರು ನೋಡ್ತಾರೆ? ಚಾನೆಲ್‌ನವರು ಅವಳನ್ನ ವಾಪಸ್ ತನ್ನಿ ಅಂದ್ರು. ವಾಪಸ್ ತರಬೇಕಾದ್ರೆ ಒಂದು ಕಾರಣ ಬೇಕಲ್ವಾ?"

ಮೈಲಾರಿ ಚಹಾದ ಕಪ್ಪು ಕೆಳಗಿಟ್ಟ. "ಅಕಿ ನಮ್ಮ ಅಕ್ಕ ರೀ," ಎಂದ.

ನಿರ್ದೇಶಕನ ಮುಖದಿಂದ ನಗೆ ಹೋಯಿತು. "ನನಗೆ ಗೊತ್ತಿರ್ಲಿಲ್ಲ ಸಾರ್. ನೀವು ಹೇಳಲೇ ಇಲ್ಲ," ಎಂದ. ನಿಜವಾಗಿಯೂ ನೊಂದಿದ್ದ. ಆಮೇಲೆ ಕೇಳಿದ: "ಹಾಗಾದ್ರೆ ಆ ಕೌದಿ... ಅದು ನಿಜವಾಗ್ಲೂ ಇತ್ತಾ?"

"ಇರ್ಲಿಲ್ಲ."

"ಇನ್ಸ್‌ಪೆಕ್ಟರು?"

"ಬಂದಿದ್ದ. ಬರಕೊಂಡು ಹೋದ."

ನಿರ್ದೇಶಕ ಹಾಗಾದರೆ ನೀವೂ ಬದಲಾಯಿಸಿದ್ದೀರಲ್ಲ ಎಂದು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. "ಉಳಿದ ಕಂತು ಎಲ್ಲಾ ಚಿತ್ರೀಕರಣ ಆಗಿಹೋಗಿದೆ ಸಾರ್," ಎಂದಷ್ಟೇ ಹೇಳಿ ಗೇಟಿನತನಕ ಬಂದು ಕಳಿಸಿದ. ನಮ್ಮ ಹುಬ್ಬಳ್ಳಿಯ ಬಸ್ಸು ಹಾವೇರಿ ದಾಟಿತು. ಆಮೇಲೆ, "ನಾ ಅಕ್ಕಗ ನ್ಯಾಯಾ ಸಿಗಲಿ ಅಂತ ಸುಳ್ಳು ಹಾಕಿದೆ, ಸರ್ರ. ಅಂವ ಮಂದಿ ನೋಡ್ಲಿ ಅಂತ ಹಾಕಿದ. ಊರಾಗ ಯಾರಿಗೆ ಈ ಫರಕು ತಿಳೀತೈತಿ?" ಎಂದ.

ಮನೆಯಲ್ಲಿ ರುಕ್ಮವ್ವ ಕಾಯುತ್ತಿದ್ದಳು.

"ಹೇಳಿ ಬಂದ್ಯಾ?"

"ಹೇಳಿದೆ. ಎಲ್ಲಾ ಮುಗದೈತಂತ, ಅವ್ವಾ."

ಅವಳು ತಲೆ ಅಲ್ಲಾಡಿಸಿದಳು. ಸಿಟ್ಟಿನಿಂದಲ್ಲ, ಅಡುಗೆಯಾಗಿದೆ ಊಟಕ್ಕೆ ಬಾ ಎಂದು ಕರೆಯುವ ದನಿಯಲ್ಲೇ ಹೇಳಿದಳು: "ನಾ ಅಕಿನ್ನ ಸಂಜೀಮುಂದ ಎಬ್ಬಿಸಿ ಎಬ್ಬಿಸಿ ಕಳಿಸಿದೆ. ನೀ ಅಕಿನ್ನ ಮಾರಿದಿ. ಇಬ್ರೂ ಕೂಡೇ ಕಳಕೊಂಡ್ವಿ ಬಿಡು."

ಇದನ್ನು ನನಗೆ ಹೇಳುವಾಗ ಮೈಲಾರಿ ಅಳಲಿಲ್ಲ. ಕೈಯಲ್ಲಿದ್ದ ಕರಡಿನ ಹಾಳೆಯ ಅಂಚನ್ನು ಮಡಚುತ್ತ, ಬಿಚ್ಚುತ್ತ ಕುಳಿತಿದ್ದ. ಆ ವಾರದ ಕರಡು ನಾನೇ ತಿದ್ದಿದೆ.

ಆಮೇಲೆ ಒಂದು ಪ್ರಯತ್ನ ಮಾಡಿದ. ಒಂದು ರವಿವಾರ ಪುಸ್ತಕ ಹಿಡಿದು ಗುಡಿಯ ಕಟ್ಟೆಗೆ ಹೋಗಿ, ತಾನು ಮೊದಲು ಬರೆದದ್ದನ್ನು ಓದಿ ಕೇಳಿಸುತ್ತೇನೆ ಎಂದ. ಹತ್ತು ಹನ್ನೆರಡು ಮಂದಿ ಕುಳಿತರು. ನಾಡಗೌಡ ಬಂದು ಮೆಟ್ಟಿಲ ಮೇಲೆ ಕೂಡುವ ಹೊತ್ತಿಗೆ ಅರ್ಧ ಮಂದಿ ಎದ್ದಿದ್ದರು. "ಇದು ಹಳೇದಲ್ಲೇನೋ ತಮ್ಮಾ. ಟಿ.ವಿ.ಯಾಗ ಮುಂದಿಂದೆಲ್ಲಾ ತೋರಿಸ್ಯಾರಲ್ಲ," ಎಂದ ಒಬ್ಬ ಹಿರಿಯ, ಸಮಾಧಾನ ಹೇಳುವವನ ಹಾಗೆ. ಮೈಲಾರಿ ಪುಸ್ತಕ ಮುಚ್ಚಿದ. ಆಮೇಲೆ ಅವನು ಒಂದು ಸಾಲು ಕಥೆ ಬರೆಯಲಿಲ್ಲ. ನಾನು ಕೇಳುವುದನ್ನೂ ಬಿಟ್ಟೆ.

ಮರುವರ್ಷ ಭರಮಪ್ಪನಿಗೆ ಹೆಣ್ಣು ಸಿಕ್ಕಿತು. ಸವದತ್ತಿಯ ಕಡೆಯವಳು, ಶೇವಂತೆವ್ವ. ಬಡವರ ಮಗಳು, ಮೂವತ್ತು ದಾಟಿತ್ತು. ಅವಳ ಅಣ್ಣ ಹೆಣ್ಣು ಕೊಡುವ ಮೊದಲು ಊರಲ್ಲಿ ವಿಚಾರಿಸಿದನಂತೆ. "ಪಾಪ, ಅಂವಂದೇನೂ ತಪ್ಪಿಲ್ಲ. ಟಿ.ವಿ.ಯಾಗ ಸಹಿತ ಬಂದೈತಿ," ಎಂದರಂತೆ ಮಂದಿ.

ರುಕ್ಮವ್ವ ಮದುವೆಗೆ ಹೋಗಲಿಲ್ಲ. ಆದರೆ ಮದುವೆಯಾದ ವಾರದಲ್ಲಿ ಶೇವಂತೆವ್ವ ಅರಿವೆ ತೊಗೊಂಡು ಹಿರೇಬಾವಿಗೆ ಹೋದಾಗ, ಹದಿಮೂರು ವರ್ಷ ಆ ದಾರಿ ತುಳಿಯದಿದ್ದ ರುಕ್ಮವ್ವ ಅಲ್ಲಿ ಮೇಲಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಮರುದಿನವೂ ಇದ್ದಳು. ಕೆಲವು ದಿನ ನೋಡಿ ಶೇವಂತೆವ್ವನೇ ಕೇಳಿದಳು:

"ಯಾರ್ರಿ ಯಕ್ಕಾ ನೀವು? ದಿನಾ ಬರ್ತೀರಿ. ಅರಿವಿ ಇಲ್ಲ, ಕೊಡಾ ಇಲ್ಲ."

"ನಾ ನಿನ್ನ ಗಂಡನ ಅಕ್ಕ."

ಶೇವಂತೆವ್ವ ಗಾಬರಿಯಾದಳು. "ನಿಮ್ಮನ್ನ ಮಾತಾಡ್ಸಬ್ಯಾಡ ಅಂದಾರ್ರಿ ಮನ್ಯಾಗ."

"ಮಾತಾಡ್ಸಬ್ಯಾಡ. ನೀ ಒಗೀ. ನಾ ಕುಂತಿರ್ತೇನಿ."

ಮೈಲಾರಿ ಬೇಡವೆಂದ. ಮಂದಿ ನಗುತ್ತಾರೆ, ಬಿಸಿಲು, ಕಾಲುನೋವು, ಎಲ್ಲ ಹೇಳಿ ನೋಡಿದ. ರುಕ್ಮವ್ವ ಕೇಳಲಿಲ್ಲ. ಕಾವೇರಿಯ ಹೆಸರನ್ನು ಅವಳು ಈಗ ಎತ್ತುತ್ತಲೇ ಇರಲಿಲ್ಲ. ಟಿ.ವಿ. ಕೂಡ ಹಚ್ಚುತ್ತಿರಲಿಲ್ಲ. ಶೇವಂತೆವ್ವ ಬಾವಿಗೆ ಹೊರಟಳು ಎಂದರೆ ಮಾತ್ರ ಎದ್ದು ಹೋಗುತ್ತಿದ್ದಳು. ದಿನ ಕಳೆದಂತೆ ಇಬ್ಬರೂ ಬೀಸುವ ಕಲ್ಲಿನ ಮುಂದೆ ಕುಳಿತವರ ಹಾಗೆ ಸಣ್ಣಪುಟ್ಟ ಮಾತು ಆಡತೊಡಗಿದರು. ದೊಡ್ಡ ಹೊದಿಕೆ ಒಗೆದ ದಿನ ಶೇವಂತೆವ್ವ ಒಂದು ತುದಿ ಹಿಡಿದರೆ ರುಕ್ಮವ್ವ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಒಮ್ಮೆ ಶೇವಂತೆವ್ವನ ಕೆನ್ನೆಯ ಮೇಲೆ ಬಾಸುಂಡೆ ಕಂಡಾಗ ರುಕ್ಮವ್ವ ಅವಳನ್ನು ತನ್ನ ಮನೆಗೆ ಕರೆತಂದು, ಸಂಜೆ ದೀಪ ಹಚ್ಚಿದ ಮೇಲೂ ಕಳಿಸಲಿಲ್ಲ. ಭರಮಪ್ಪ ಬಾಗಿಲಿಗೆ ಬಂದು ನಿಂತ. ರುಕ್ಮವ್ವ ಅವನ ಕಡೆ ನೋಡದೆ ಒಳಗಿನಿಂದಲೇ, "ನಾಳೆ ಬರ್ತಾಳ. ಮತ್ತ ಕೈ ಮಾಡ್ತೇನಂದ್ರ ನಾಳೆನೂ ಬರೂದಿಲ್ಲ," ಎಂದಳು. ಅವನು ಹೋದ. ಅಕ್ಕ ತಮ್ಮನ ಜೊತೆ ಆಡಿದ್ದು ಅಷ್ಟು ವರ್ಷದಲ್ಲಿ ಅದೊಂದೇ ಮಾತು.

ಶೇವಂತೆವ್ವನಿಗೆ ಏನೂ ಆಗಲಿಲ್ಲ. ಒಂದು ಹೆಣ್ಣುಮಗು ಹುಟ್ಟಿತು. ಊರಿಗೆ ನಳದ ನೀರು ಬಂತು, ಬಾವಿಗೆ ಹೋಗುವವರು ಕಡಿಮೆಯಾದರು.

ನಮ್ಮ ವಾರಪತ್ರಿಕೆ ನಿಂತುಹೋಯಿತು. ಮೈಲಾರಿ ವಿದ್ಯಾನಗರದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಮದುವೆಯ ಕಾರ್ಡು, ಕಾಲೇಜಿನ ಪ್ರಬಂಧ ತಿದ್ದುವ ಕೆಲಸಕ್ಕೆ ಸೇರಿದ. ಸಿಕ್ಕಾಗ ಚಹಾ ಕುಡಿಯುತ್ತಿದ್ದೆವು. ಅವನು ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ ನಗುತ್ತಿದ್ದ.

೨೦೦೭ರ ಮಳೆಗಾಲದಲ್ಲಿ ರುಕ್ಮವ್ವನಿಗೆ ಲಕ್ವ ಹೊಡೆಯಿತು. ಸತ್ತೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು, ಮಾತಿಲ್ಲದೆ ಹೋದಳು. ಸುದ್ದಿ ಕೇಳಿ ನಾನು ಅಮ್ಮಿನಬಾವಿಗೆ ಹೋದೆ. ಹೆಣವನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಎಲ್ಲ ತಯಾರಾಗಿತ್ತು, ಆದರೆ ಎತ್ತಿರಲಿಲ್ಲ. ಸತ್ತ ಹೆಂಗಸಿಗೆ ತವರಿನ ಸೀರೆ ಹೊದಿಸಬೇಕು, ಅದು ನಮ್ಮ ಕಡೆಯ ರೂಢಿ. ರುಕ್ಮವ್ವನ ತವರಿನವರೆಂದು ಉಳಿದಿದ್ದವನು ಭರಮಪ್ಪ ಒಬ್ಬನೇ.

ಅವನು ಬಂದ. ಹಸಿರು ಸೀರೆ ಎದೆಗೆ ಹಿಡಿದುಕೊಂಡಿದ್ದ. ಹಿಂದೆ ಮಗಳ ಕೈ ಹಿಡಿದು ಶೇವಂತೆವ್ವ. ಮೈಲಾರಿ ಹೊಸ್ತಿಲಿಗೆ ಅಡ್ಡ ನಿಂತ.

"ಮಾವಾ," ಎಂದ ಮೈಲಾರಿ. "ಈಗರ ಹೇಳು."

ಭರಮಪ್ಪನಿಗೆ ಆಗಲೇ ಬೆನ್ನು ಬಾಗಿತ್ತು. ಸೀರೆಯನ್ನೇ ನೋಡುತ್ತಿದ್ದ.

"ಅವತ್ತ ಮುಂಜಾನೆ ಹೊಡದಿದ್ದೆ ನಾ," ಎಂದ. "ಭಾಳ ಹೊಡದಿದ್ದೆ. ಅಳಕೋತನ ಅರಿವಿ ಕಟಗೊಂಡು ಹೋದ್ಲು. ನಾ ಬಾವಿಗೆ ಹ್ವಾದಂವ ಅಲ್ಲೋ. ಹಿಂದಿಂದ ಹೋಗಿದ್ರ... ಹೋಗಲಿಲ್ಲ. ಇಷ್ಟ ನನಗ ಗೊತ್ತಿದ್ದದ್ದು. ಬೇಕಾದ್ರ ನಂಬು, ಇಲ್ಲಂದ್ರ ಬಿಡು."

ಮೈಲಾರಿ ನಂಬಿದನೋ ಇಲ್ಲವೋ ಅವನ ಮುಖದಿಂದ ತಿಳಿಯಲಿಲ್ಲ. ದಾರಿಯನ್ನಂತೂ ಬಿಡಲಿಲ್ಲ. ಆಗ ಶೇವಂತೆವ್ವ ಗಂಡನ ಕೈಯಿಂದ ಸೀರೆ ತೆಗೆದುಕೊಂಡಳು. "ತಮ್ಮಾ, ಬಾಜೂಕ ಸರಿ," ಎಂದಳು ಮೈಲಾರಿಗೆ. "ನನ್ನ ಕಾಯ್ದಾಕಿ ಆಕಿ. ನಾ ಹೊದಿಸ್ತೇನಿ." ಅವನು ಸರಿದ. ಅವಳು ಒಳಗೆ ಹೋಗಿ ರುಕ್ಮವ್ವನಿಗೆ ಸೀರೆ ಹೊದಿಸಿ, ಸೆರಗು ತಲೆಯ ಮೇಲೆ ಎಳೆದು, ಅವಳ ಕಾಲ ಹತ್ತಿರ ಕುಳಿತು ದನಿ ತೆಗೆದು ಅತ್ತಳು. ಭರಮಪ್ಪ ಓಣಿಯಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟ.

ಮಣ್ಣು ಕೊಟ್ಟು ತಿರುಗಿ ಬರುವಾಗ ಮೈಲಾರಿ ನನ್ನ ಪಕ್ಕ ನಡೆಯುತ್ತಿದ್ದ. ಕಾಲಿಗೆ ಎರೆಮಣ್ಣು ಮೆತ್ತಿ ಹೆಜ್ಜೆ ಭಾರವಾಗಿತ್ತು.

"ಅವ್ವ ಇದನ್ನ ಕೇಳಬೇಕಾಗಿತ್ರಿ, ಸರ್ರ," ಎಂದ.

ಅಳುತ್ತ ಬಾವಿಗೆ ಹೋದ ಮಗಳು ಅದರ ಹಿಂದಿನ ಸಂಜೆ ಎಲ್ಲಿದ್ದಳು, ಅಲ್ಲಿಂದ ಅವಳನ್ನು ಎಬ್ಬಿಸಿ ಕಳಿಸಿದವರು ಯಾರು ಎಂಬುದು ನನಗೆ ನೆನಪಾಯಿತು. ಕೇಳದೆ ಹೋದದ್ದೇ ಒಳ್ಳೆಯದಾಯಿತು ಎನಿಸಿತು. ಅವನ ಹೆಗಲ ಮೇಲೆ ಕೈಯಿಟ್ಟು ಊರತನಕ ನಡೆದೆ.